ಒಂದೇ ಬಿಸಿ ಎಲ್ಲ ಚಹಾಕ್ಕೂ ಒಗ್ಗುವುದಿಲ್ಲ

ಪ್ರಶ್ನೆ: ನನ್ನ ಹತ್ತಿರ ಐದು ಬಗೆಯ ಎಲೆ ಚಹಾ ಇದೆ. ಡಾರ್ಜಿಲಿಂಗ್ ಫಸ್ಟ್ ಫ್ಲಶ್, ಅಸ್ಸಾಂ, ಜಪಾನಿನ ಸೆಂಚಾ, ತೈವಾನಿನ ಊಲಾಂಗ್, ಮತ್ತೆ ಚೀನಾದ ಸಿಲ್ವರ್ ನೀಡಲ್ ಎಂಬ ಬಿಳಿ ಚಹಾ. ಎಲ್ಲವನ್ನೂ ಒಂದೇ ರೀತಿ ಮಾಡಿದೆ. ಒಂದು ಕಪ್ಪಿಗೆ ಒಂದು ಟೀ ಚಮಚ ಎಲೆ, ಕುದಿಯುವ ನೀರು, ಐದು ನಿಮಿಷ. ಅಸ್ಸಾಂ ಚೆನ್ನಾಗಿತ್ತು. ಸೆಂಚಾ ಬಾಯಿಗೆ ಇಡಲಾಗದಷ್ಟು ಕಹಿ. ಡಾರ್ಜಿಲಿಂಗ್ ವಿಪರೀತ ಒಗರು. ಊಲಾಂಗ್ ಪರವಾಗಿಲ್ಲ, ಆದರೆ ವಿಶೇಷ ಏನೂ ಕಾಣಲಿಲ್ಲ, ಒಂದು ಕಪ್ ಕುಡಿದು ಎಲೆ ಚೆಲ್ಲಿದೆ. ಬಿಳಿ ಚಹಾ ಬರೀ ಬಿಸಿನೀರು ಕುಡಿದ ಹಾಗಿತ್ತು. ಡಬ್ಬಿಗಳ ಮೇಲೆ ಹೂವು, ಜೇನು, ದ್ರಾಕ್ಷಿ ಅಂತೆಲ್ಲ ಬರೆದಿದ್ದಾರೆ. ಇದು ನಿಜವೇ, ಸುಮ್ನೆ ಮಾರಾಟದ ಮಾತೇ? ಬೆಳೆದ ಜಾಗ ಬದಲಾದರೆ ರುಚಿ ಅಷ್ಟೊಂದು ಬದಲಾಗುತ್ತದೆಯೇ? ಯಾವುದಕ್ಕೆ ಎಷ್ಟು ಬಿಸಿ, ಎಷ್ಟು ಹೊತ್ತು? ಬಳಸಿದ ಎಲೆಯನ್ನು ಮತ್ತೆ ಬಳಸಬಹುದೇ? ಎಷ್ಟು ದಿನ ಇಡಬಹುದು?

ಉತ್ತರ: ಎಲೆಯದ್ದೇನೂ ತಪ್ಪಿಲ್ಲ. ತಮಾಷೆ ಏನೆಂದರೆ, ನೀವು ಮಾಡಿದ್ದು ಹೆಚ್ಚು ಕಡಿಮೆ ನಮ್ಮಂಥ ರುಚಿ ನೋಡುವವರು ಕೆಲಸದ ಮೇಜಿನಲ್ಲಿ ಮಾಡುವುದನ್ನೇ. ಚಹಾದ ರುಚಿ ಪರೀಕ್ಷೆಗೆ ಐಎಸ್‌ಒ 3103 ಅಂತ ಒಂದು ಅಂತರರಾಷ್ಟ್ರೀಯ ಕ್ರಮ ಇದೆ. 1980ರಲ್ಲಿ ಬಂದದ್ದು. 100 ಮಿಲಿ ನೀರಿಗೆ 2 ಗ್ರಾಂ ಎಲೆ, ಕುದಿಯುವ ನೀರು, 6 ನಿಮಿಷ. ಚಹಾ ರುಚಿಯಾಗಿ ಬರಲಿ ಎಂದು ಮಾಡಿದ ಕ್ರಮ ಇದಲ್ಲ. ಎಲೆಯ ಒಳಗಿರುವುದೆಲ್ಲ ಹೊರಗೆ ಬರಬೇಕು, ದೋಷ ಇದ್ದರೆ ಎದ್ದು ಕಾಣಬೇಕು, ಒಂದು ಮಾದರಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಲು ಬರಬೇಕು. ಅಷ್ಟಕ್ಕೇ ಅದು. ಆ ಚಹಾವನ್ನು ನಾವು ಬಾಯಲ್ಲಿ ಆಡಿಸಿ ಉಗಿದುಬಿಡುತ್ತೇವೆ. ನೀವು ಪಾಪ ಕುಡಿದಿದ್ದೀರಿ.

ಇನ್ನು ಜಾಗದ ಪ್ರಶ್ನೆ. ಹೂವು, ದ್ರಾಕ್ಷಿ ಎಲ್ಲ ನಿಜವೇ. ಸ್ವಲ್ಪ ಉಬ್ಬಿಸಿ ಬರೆದಿರುತ್ತಾರೆ, ಅಷ್ಟೆ. ಆದರೆ ಸೀಮೆಯ ಹೆಸರು ಕೇಳಿದಾಗ ಎಲ್ಲರೂ ಮಣ್ಣನ್ನು ನೆನೆಯುತ್ತಾರೆ. ಆ ಹೆಸರಿನೊಳಗೆ ಮೂರು ಸಂಗತಿ ಸೇರಿಕೊಂಡಿವೆ. ಅಲ್ಲಿರುವ ಗಿಡ ಯಾವ ಬಗೆಯದು, ಹವೆ ಎಂಥದು, ಕೊಯ್ದ ಎಲೆಗೆ ಅಲ್ಲಿನವರು ಏನು ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಮೂರನೆಯದರ ತೂಕವೇ ಜಾಸ್ತಿ. ನೀರು ಎಷ್ಟು ಬಿಸಿ ಇರಬೇಕು, ಎಲೆ ಎಷ್ಟು ಹೊತ್ತು ನೆನೆಯಬೇಕು ಅನ್ನುವುದನ್ನು ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ. ಡಬ್ಬಿಯ ಬರಹ ಓದುವ ಮೊದಲು ಎಲೆಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ. ಉಂಡೆ ಸುತ್ತಿದೆಯೇ, ಪುಡಿಯಾಗಿದೆಯೇ, ಉದ್ದಕ್ಕಿದೆಯೇ, ಹಸಿರಿದೆಯೇ, ಕಪ್ಪಗಿದೆಯೇ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಐದೂ ಡಬ್ಬಿಯಲ್ಲಿರುವುದು ಕಮೀಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆ. ಅದರಲ್ಲಿ ಎರಡು ಮುಖ್ಯ ಬಗೆ. ಚೀನಾ ಬಗೆಗೆ ಸಣ್ಣ ಎಲೆ, ಚಳಿ ತಡೆಯುವ ಗುಣ, ಘಮ ಜಾಸ್ತಿ. ಅಸ್ಸಾಂ ಬಗೆಗೆ ಅಗಲ ಎಲೆ, ಸೆಕೆ ಮತ್ತು ಮಳೆ ಬೇಕು, ರುಚಿ ಖಡಕ್. ಕೊಯ್ದ ಎಲೆ ಬಾಡಿ, ಜಜ್ಜಿಹೋದಾಗ ಅದರೊಳಗಿನ ಕಿಣ್ವಗಳು ಗಾಳಿ ತಾಗಿ ಕೆಲಸ ಶುರು ಮಾಡುತ್ತವೆ. ಹಸಿರು ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಈ ಕೆಲಸ ಶುರುವಾಗುವ ಮೊದಲೇ ಎಲೆಗೆ ಬಿಸಿ ಕೊಟ್ಟು ನಿಲ್ಲಿಸಿದರೆ ಹಸಿರು ಚಹಾ. ನಡುವೆ ನಿಲ್ಲಿಸಿದರೆ ಊಲಾಂಗ್. ಪೂರ್ತಿ ಬಿಟ್ಟರೆ ಕಪ್ಪು ಚಹಾ. ಹೊಸೆಯದೆ, ಬರೀ ಬಾಡಿಸಿ ಒಣಗಿಸಿದರೆ ಬಿಳಿ ಚಹಾ.

ನೀರಿಗೆ ಇಳಿಯುವುದರಲ್ಲಿ ನಾಲಿಗೆಗೆ ಮುಖ್ಯವಾದವು ಮೂರು. ಥಿಯನೈನ್ ಎಂಬ ಅಮೈನೋ ಆಮ್ಲ ಸಿಹಿ ಕೊಡುತ್ತದೆ, ಬಾಯಿ ತುಂಬುವ ರುಚಿ ಕೊಡುತ್ತದೆ. ಕ್ಯಾಟೆಚಿನ್‌ಗಳು ಒಗರು. ಕೆಫೀನ್ ಕಹಿ. ಥಿಯನೈನ್ ತಣ್ಣೀರಿಗೂ ಇಳಿಯುತ್ತದೆ. ಉಳಿದೆರಡು ಬೇಗ ಇಳಿಯಲು ಚೆನ್ನಾಗಿ ಬಿಸಿ ಬೇಕು. ಅಂದರೆ ನೀರಿನ ಬಿಸಿ ಕಡಿಮೆ ಮಾಡಿದಾಗ ಬರೀ ನಿಧಾನವಾಗುವುದಿಲ್ಲ, ಕಪ್ಪಿನಲ್ಲಿ ಸಿಹಿ ಮತ್ತು ಒಗರಿನ ಪಾಲು ಕೂಡ ಬದಲಾಗುತ್ತದೆ. ಕಪ್ಪು ಚಹಾದ ಕಥೆ ಬೇರೆ. ಅಲ್ಲಿ ಕ್ಯಾಟೆಚಿನ್‌ನ ಬಹುಪಾಲು ಆಗಲೇ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಬೇರೆ ವಸ್ತುಗಳಾಗಿ ಮಾರ್ಪಟ್ಟಿರುತ್ತದೆ. ಚಹಾದ ಕೆಂಪು ಬಣ್ಣ, ಆ ಚುರುಕು ಇವುಗಳದ್ದೇ. ಇವು ಸರಿಯಾಗಿ ಹೊರಬರಲು ಕುದಿನೀರು ಬೇಕು. ಅದಕ್ಕೇ ಕಪ್ಪು ಚಹಾವಾದ ನಿಮ್ಮ ಅಸ್ಸಾಂ ಗೆದ್ದಿತು, ಹಸಿರು ಚಹಾವಾದ ಸೆಂಚಾ ಸೋತಿತು.

ಸೆಂಚಾದಿಂದಲೇ ಶುರು ಮಾಡೋಣ. ಜಾಸ್ತಿ ಕಾಟ ಕೊಟ್ಟದ್ದು ಅದೇ ಅಲ್ವಾ. ಜಪಾನಿನಲ್ಲಿ ಎಲೆ ಕೊಯ್ದ ಕೂಡಲೇ ಹಬೆ ಹಿಡಿಸುತ್ತಾರೆ. ಕಿಣ್ವಗಳ ಕೆಲಸ ಅಲ್ಲಿಗೆ ನಿಂತಿತು. ಆಮೇಲೆ ಹೊಸೆದು ಒಣಗಿಸುತ್ತಾರೆ. 1738ರಲ್ಲಿ ಉಜಿ ಸೀಮೆಯ ನಾಗತಾನಿ ಸೋಯೆನ್ ಎಂಬ ರೈತ ಈ ಕ್ರಮ ರೂಪಿಸಿದ ಎಂದು ಹೇಳುತ್ತಾರೆ. ಹಬೆ ಹಿಡಿಸಿದ ಎಲೆಗೆ ಕಡು ಹಸಿರು ಬಣ್ಣ ಉಳಿಯುತ್ತದೆ, ಹಸಿ ಸೊಪ್ಪಿನ, ಸಮುದ್ರದ ಪಾಚಿಯ ಘಮ ಉಳಿಯುತ್ತದೆ. ಆದರೆ ಹಬೆಗೆ ಮೆತ್ತಗಾದ ಎಲೆಯನ್ನು ಹೊಸೆದಾಗ ಅದು ಸಣ್ಣ ಸಣ್ಣ ಚೂರಾಗುತ್ತದೆ. ನೀರು ತಾಗಿದ್ದೇ ತಡ, ಒಳಗಿದ್ದದ್ದೆಲ್ಲ ಹೊರಗೆ. ಇಂಥ ಎಲೆಗೆ ಕುದಿನೀರು ಹಾಕಿ ಐದು ನಿಮಿಷ ಬಿಟ್ಟರೆ ಕಹಿಯಾಗದೆ ಇನ್ನೇನಾದೀತು?

150 ಮಿಲಿ ನೀರಿಗೆ 3 ಗ್ರಾಂ ಎಲೆ ತೆಗೆದುಕೊಳ್ಳಿ. ನೀರು 70ರಿಂದ 75 ಡಿಗ್ರಿ. ಒಂದು ನಿಮಿಷ ಸಾಕು. ಎಲೆ ತೀರಾ ಪುಡಿಯಾಗಿ, ಚಹಾ ಮಬ್ಬಾಗಿ ಬಂದರೆ ಅದು ಫುಕಾಮುಷಿ, ಅಂದರೆ ಜಾಸ್ತಿ ಹೊತ್ತು ಹಬೆ ಹಿಡಿಸಿದ ಬಗೆ. ಅದಕ್ಕೆ 30-40 ಸೆಕೆಂಡ್. ಒಂದು ಹನಿಯೂ ಉಳಿಯದ ಹಾಗೆ ಬಗ್ಗಿಸಿ. ಎಲೆಯ ಜೊತೆ ನೀರು ಉಳಿದರೆ ಎರಡನೇ ಸುತ್ತು ಕೆಡುತ್ತದೆ. ಎರಡನೇ ಸುತ್ತಿಗೆ ನೀರು ಇನ್ನೊಂಚೂರು ಬಿಸಿ ಇರಲಿ, 15 ಸೆಕೆಂಡಿಗೆ ತೆಗೆಯಿರಿ. ಮೂರನೆಯದಕ್ಕೂ ಏನಾದರೂ ಸಿಗುತ್ತದೆ.

ಸೆಂಚಾದ ದೊಡ್ಡಣ್ಣ ಗ್ಯೊಕುರೊ. ಕೊಯ್ಲಿಗೆ ಸುಮಾರು 20 ದಿನ ಮೊದಲಿನಿಂದ ಗಿಡಕ್ಕೆ ನೆರಳು ಕಟ್ಟುತ್ತಾರೆ. ಬಿಸಿಲು ಬಿದ್ದರೆ ಎಲೆಯಲ್ಲಿ ಥಿಯನೈನ್ ಕಡಿಮೆಯಾಗಿ ಕ್ಯಾಟೆಚಿನ್ ಹೆಚ್ಚುತ್ತದೆ. ನೆರಳಲ್ಲಿ ಥಿಯನೈನ್ ಹಾಗೇ ಉಳಿಯುತ್ತದೆ. ಉಜಿ ಮತ್ತು ಯಾಮೆ ಸೀಮೆಗಳು ಇದಕ್ಕೆ ಹೆಸರುವಾಸಿ. ಇದನ್ನು 50-60 ಡಿಗ್ರಿ ನೀರಿನಲ್ಲಿ, ಅದೂ 5 ಗ್ರಾಂ ಎಲೆಗೆ ಬರೀ 60-80 ಮಿಲಿ ಹಾಕಿ, ಎರಡು ನಿಮಿಷ ಬಿಡುತ್ತಾರೆ. ನಾಲ್ಕೈದು ಗುಟುಕು ಬಂದರೆ ಹೆಚ್ಚು. ಬಿಸಿಯಾದ ಚಹಾ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ.

ಚೀನಾದ ಹಸಿರು ಚಹಾ ಇಷ್ಟು ಸೂಕ್ಷ್ಮ ಅಲ್ಲ. ಅಲ್ಲಿ ಹೆಚ್ಚಾಗಿ ಹಬೆಯ ಬದಲು ಕಾದ ಬಾಣಲೆಯಲ್ಲಿ ಹುರಿಯುತ್ತಾರೆ. ಹಾಂಗ್‌ಝೌದ ಲಾಂಗ್‌ಜಿಂಗ್ ಎಲೆಯನ್ನು ನೋಡಿ, ಬಾಣಲೆಗೆ ಒತ್ತಿ ಒತ್ತಿ ಚಪ್ಪಟೆ ಮಾಡಿರುತ್ತಾರೆ. ಹಸಿ ವಾಸನೆ ಹೋಗಿ ಹುರಿದ ಬೀಜದ ಘಮ ಬರುತ್ತದೆ. ಎಲೆ ಇಡಿಯಾಗಿಯೇ ಇರುವುದರಿಂದ ನಿಧಾನ ಬಿಡುತ್ತದೆ. 80 ಡಿಗ್ರಿ, ಎರಡು ಮೂರು ನಿಮಿಷ. ಏಪ್ರಿಲ್ 5ರ ಹೊತ್ತಿಗೆ ಬರುವ ಚಿಂಗ್‌ಮಿಂಗ್ ಹಬ್ಬಕ್ಕಿಂತ ಮೊದಲು ಕೊಯ್ದ ಚಿಗುರಿಗೆ ಬೇಡಿಕೆ ಜಾಸ್ತಿ. ಚಳಿಗಾಲವೆಲ್ಲ ಗಿಡ ಕೂಡಿಟ್ಟದ್ದು ಆ ಚಿಗುರಿನಲ್ಲಿರುತ್ತದೆ.

ಥರ್ಮಾಮೀಟರ್ ಇಲ್ಲದವರಿಗೆ ಒಂದು ಸುಲಭ ಲೆಕ್ಕ. ಕುಡಿಯುವ ತಣ್ಣೀರು ಸುಮಾರು 25 ಡಿಗ್ರಿ ಇದೆ ಅಂದುಕೊಳ್ಳಿ. ನಾಲ್ಕು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಸೇರಿಸಿದರೆ 85 ಡಿಗ್ರಿ. ಮೂರಕ್ಕೆ ಒಂದು ಸೇರಿಸಿದರೆ 81. ಎರಡಕ್ಕೆ ಒಂದು ಆದರೆ 75. ಸಮಸಮ ಆದರೆ 62ರ ಹತ್ತಿರ. ಪಾತ್ರೆ ತಣ್ಣಗಿದ್ದರೆ ಇನ್ನೂ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಎತ್ತರದ ಜಾಗದಲ್ಲಿ ಇರುವವರು ಇನ್ನೊಂದನ್ನು ನೆನಪಿಡಿ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ನೀರು 97 ಡಿಗ್ರಿಗೂ ಮುಂಚೆಯೇ ಕುದಿಯುತ್ತದೆ, 2,000 ಮೀಟರಿನಲ್ಲಿ 93ರ ಆಸುಪಾಸು. ಅಲ್ಲಿ ಕಪ್ಪು ಚಹಾಕ್ಕೆ ಒಂದು ನಿಮಿಷ ಹೆಚ್ಚು ಕೊಡಿ.

ಈಗ ಡಾರ್ಜಿಲಿಂಗ್. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. 1840ರ ದಶಕದಲ್ಲಿ ಅಲ್ಲಿ ಚೀನಾ ಬಗೆಯ ಗಿಡ ಹಾಕಿದರು, ಅದು ಆ ಚಳಿಗೆ ಹೊಂದಿಕೊಂಡಿತು. ತೋಟಗಳು ಸುಮಾರು 600ರಿಂದ 2,000 ಮೀಟರ್ ಎತ್ತರದ ತನಕ ಕಡಿದಾದ ಇಳಿಜಾರಿನಲ್ಲಿವೆ. 2004ರಲ್ಲಿ ಭಾರತದಲ್ಲಿ ಮೊಟ್ಟಮೊದಲು ಭೌಗೋಳಿಕ ಸೂಚಕದ ಗುರುತು ಸಿಕ್ಕಿದ್ದು ಈ ಚಹಾಕ್ಕೇ. ಹೆಸರು ಒಂದೇ ಆದರೂ ಋತುವಿಗೊಂದು ರುಚಿ. ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಬರುವ ವರ್ಷದ ಮೊದಲ ಕೊಯ್ಲು ಫಸ್ಟ್ ಫ್ಲಶ್. ಮೇ, ಜೂನಿನದು ಸೆಕೆಂಡ್ ಫ್ಲಶ್. ಮಳೆಗಾಲದ್ದು ಸಪ್ಪೆ. ಮಳೆ ನಿಂತ ಮೇಲೆ ಬರುವ ಅಕ್ಟೋಬರ್-ನವೆಂಬರಿನ ಕೊಯ್ಲಿಗೆ ಮತ್ತೆ ಜೀವ ಬರುತ್ತದೆ, ಅದು ಮೆದುವಾಗಿ, ಸಿಹಿಯಾಗಿ ಇರುತ್ತದೆ.

ನಿಮ್ಮ ಡಬ್ಬಿ ಬಿಚ್ಚಿ ನೋಡಿ. ಕಪ್ಪು ಚಹಾ ಅಂತ ಬರೆದಿದ್ದರೂ ಎಲೆಯಲ್ಲಿ ಹಸಿರು, ಬೂದು, ಕಂದು ಎಲ್ಲ ಬೆರೆತಿರುತ್ತದೆ. ಕಾರಣ ಇದು. ಮೊದಲ ಕೊಯ್ಲಿನ ಎಲೆಯನ್ನು ಅಲ್ಲಿ ತುಂಬಾ ಬಾಡಿಸುತ್ತಾರೆ, ಅದರ ನೀರಿನಂಶದ ಬಹುಭಾಗ ಹೋಗಿಬಿಟ್ಟಿರುತ್ತದೆ. ಅಷ್ಟು ಒಣಗಿದ ಎಲೆಯಲ್ಲಿ ಕಿಣ್ವಗಳ ಕೆಲಸ ಪೂರ್ತಿ ಆಗುವುದಿಲ್ಲ. ಹಾಗಾಗಿ ಫಸ್ಟ್ ಫ್ಲಶ್ ಹೆಸರಿಗೆ ಕಪ್ಪು ಚಹಾ, ಗುಣದಲ್ಲಿ ಊಲಾಂಗ್‌ಗೆ ಹತ್ತಿರ. ಕ್ಯಾಟೆಚಿನ್ ಇನ್ನೂ ಸಾಕಷ್ಟು ಉಳಿದಿರುತ್ತದೆ. ಅದಕ್ಕೆ ಅಸ್ಸಾಮಿನ ಮರ್ಯಾದೆ ಮಾಡಿದರೆ ಒಗರಾಗದೆ ಬಿಡುವುದಿಲ್ಲ. 200 ಮಿಲಿಗೆ 2ರಿಂದ 2.5 ಗ್ರಾಂ, 85-90 ಡಿಗ್ರಿ, ಎರಡೂವರೆಯಿಂದ ಮೂರು ನಿಮಿಷ. ಬಣ್ಣ ತೆಳು ಹೊಂಬಣ್ಣ ಇರುತ್ತದೆ. ಬಣ್ಣ ಬರಲಿಲ್ಲವಲ್ಲ ಅಂತ ಇನ್ನೂ ಬಿಡಬೇಡಿ, ಸುಮಾರು ಜನ ಎಡವುವುದು ಅಲ್ಲೇ. ಬಣ್ಣಕ್ಕೂ ರುಚಿಯ ಗಟ್ಟಿತನಕ್ಕೂ ನೇರ ಸಂಬಂಧ ಇಲ್ಲ. ಹಾಲು ಹಾಕುವ ಯೋಚನೆಯನ್ನೂ ಬಿಡಿ. ಹೂವಿನ ಘಮ ಮುಚ್ಚಿಹೋಗುತ್ತದೆ.

ದ್ರಾಕ್ಷಿ ಅಂತ ಬರೆದಿದ್ದಾರೆ ಅಂದಿರಲ್ಲ, ಆ ಮಸ್ಕಟೆಲ್ ಘಮ ಅಸಲಿಗೆ ಸೆಕೆಂಡ್ ಫ್ಲಶ್ಶಿನದು. ಅದರ ಹಿಂದೆ ಒಂದು ಪುಟ್ಟ ಕೀಟ ಇದೆ. ಬೇಸಿಗೆಯಲ್ಲಿ ಹಸಿರು ಜಿಗಿಹುಳು ಚಿಗುರಿನ ರಸ ಹೀರುತ್ತದೆ. ಕಚ್ಚಿಸಿಕೊಂಡ ಗಿಡ ತನ್ನ ರಕ್ಷಣೆಗೆ ಕೆಲವು ಘಮದ ವಸ್ತುಗಳನ್ನು ಹುಟ್ಟಿಸುತ್ತದೆ. ಅವೇ ಆಮೇಲೆ ನಮಗೆ ಕಳಿತ ದ್ರಾಕ್ಷಿಯ, ಜೇನಿನ ಘಮವಾಗಿ ಸಿಗುತ್ತವೆ. ತೈವಾನಿನ ಶಿಂಚು, ಮಿಯಾವ್‌ಲಿ ಕಡೆಯ ಓರಿಯೆಂಟಲ್ ಬ್ಯೂಟಿ ಎಂಬ ಊಲಾಂಗ್‌ದೂ ಇದೇ ಕಥೆ. ಅಲ್ಲಿ ಹುಳ ಕಚ್ಚಿದ ಚಿಗುರೇ ಬೇಕು, ಹಾಗಾಗಿ ಕೀಟನಾಶಕ ಹೊಡೆಯುವಂತಿಲ್ಲ. ಎರಡು ದೂರದ ಸೀಮೆಗಳಲ್ಲಿ ಒಂದೇ ಜಾತಿಯ ಘಮ ಬರುತ್ತದೆ ಎಂದ ಮೇಲೆ ಎಲ್ಲವನ್ನೂ ಮಣ್ಣಿನ ತಲೆಗೆ ಕಟ್ಟುವುದು ಹೇಗೆ? ಸೆಕೆಂಡ್ ಫ್ಲಶ್ ಸಿಕ್ಕರೆ 90-95 ಡಿಗ್ರಿ, ಮೂರರಿಂದ ನಾಲ್ಕು ನಿಮಿಷ. ಓರಿಯೆಂಟಲ್ ಬ್ಯೂಟಿಗೆ 85-90 ಸಾಕು.

ಅಸ್ಸಾಂ ಬಗ್ಗೆ ಹೆಚ್ಚು ಹೇಳುವ ಅಗತ್ಯ ಕಾಣುತ್ತಿಲ್ಲ, ನಿಮಗದು ಆಗಲೇ ಒಲಿದಿದೆ. ಬ್ರಹ್ಮಪುತ್ರ ಬಯಲಿನ ತಗ್ಗು ನೆಲ, ಸೆಕೆ, ಸುರಿಯುವ ಮಳೆ, ಅಗಲ ಎಲೆಯ ಗಿಡ. 1823ರಲ್ಲಿ ರಾಬರ್ಟ್ ಬ್ರೂಸ್ ಅಲ್ಲಿ ಈ ಗಿಡ ನೋಡಿದ ಅಂತ ಇತಿಹಾಸ ಹೇಳುತ್ತದೆ. ಆದರೆ ಅಲ್ಲಿನ ಸಿಂಗ್ಫೋ ಜನ ಅದಕ್ಕೂ ಮೊದಲೇ ಅದನ್ನು ಬಳಸುತ್ತಿದ್ದರು. ಇಡೀ ಎಲೆಯ ಅಸ್ಸಾಂ ಆದರೆ 95-100 ಡಿಗ್ರಿ, ಮೂರರಿಂದ ಐದು ನಿಮಿಷ. ಮೊಳಕೆ ಕಟ್ಟಿ ಒಣಗಿಸಿದ ಧಾನ್ಯದ ಘಮ, ಗಟ್ಟಿ ಬಣ್ಣ. ಹಾಲು ಬೇಕಾದರೆ ಇದಕ್ಕೆ ಹಾಕಿ. ಹಾಲಿನ ಪ್ರೋಟೀನು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ, ಸಣ್ಣ ಗುಂಡಿನಂಥ ಸಿಟಿಸಿ ಪುಡಿ 1930ರ ದಶಕದಲ್ಲಿ ಅಸ್ಸಾಮಿನಲ್ಲೇ ಹುಟ್ಟಿದ ಯಂತ್ರದ ಫಲ. ಅದು ಎರಡು ನಿಮಿಷದಲ್ಲಿ ಎಲ್ಲವನ್ನೂ ಬಿಟ್ಟುಬಿಡುತ್ತದೆ, ಎರಡನೇ ಸುತ್ತಿಗೆ ಏನೂ ಉಳಿಯುವುದಿಲ್ಲ. ಕೀನ್ಯಾದ ಚಹಾ ಬಹುಪಾಲು ಇದೇ ಬಗೆಯದು.

ನೀಲಗಿರಿಯದು ತಿಳಿಯಾದ ಬಣ್ಣ, ಹೂವಿನ ಘಮ, ಒಗರು ಕಡಿಮೆ. ಆರಿದ ಮೇಲೂ ಅಷ್ಟಾಗಿ ಮಬ್ಬಾಗುವುದಿಲ್ಲ, ಐಸ್ ಹಾಕಿ ಕುಡಿಯಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಯ್ದ ಎಲೆಗೆ ಘಮ ಇನ್ನೂ ಜಾಸ್ತಿ. ಶ್ರೀಲಂಕಾದಲ್ಲಿ 1867ರಲ್ಲಿ ಜೇಮ್ಸ್ ಟೇಲರ್ ಲೂಲೆಕಂದೆರ ತೋಟದಲ್ಲಿ ಚಹಾ ಬೆಳೆಯಲು ಶುರು ಮಾಡಿದ. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾಫಿಗೆ ತುಕ್ಕು ರೋಗ ಬಡಿದು ಇಡೀ ದ್ವೀಪ ಚಹಾಕ್ಕೆ ತಿರುಗಿತು. ಅಲ್ಲಿ ಎತ್ತರವೇ ಅಳತೆಗೋಲು. 600 ಮೀಟರಿನ ಕೆಳಗಿನದು ಕಪ್ಪು ಬಣ್ಣ, ಗಟ್ಟಿ ರುಚಿ. 1,200 ಮೀಟರಿನ ಮೇಲಿನದು ತೆಳು ಬಣ್ಣ, ಚುರುಕು ಘಮ. ನುವಾರ ಎಲಿಯದ್ದು ಎಲ್ಲಕ್ಕಿಂತ ನಾಜೂಕು. ಊವಾ ಸೀಮೆಯದು ಮಾತ್ರ ಬೇರೆಯೇ. ಜುಲೈಯಿಂದ ಸೆಪ್ಟೆಂಬರ್ ನಡುವೆ ಒಣಗಾಳಿ ಬೀಸಿ ಗಿಡ ಬಳಲಿದಾಗ ಎಲೆಯಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಹೆಚ್ಚುತ್ತದೆ. ನೋವಿನ ಮುಲಾಮುಗಳಲ್ಲಿ ಇರುವ ವಸ್ತುವೇ ಇದು. ಮೊದಲ ಸಲ ಕುಡಿದವರು ಕಪ್ ಸರಿಯಾಗಿ ತೊಳೆದಿಲ್ಲವೇನೋ ಅಂದುಕೊಳ್ಳುತ್ತಾರೆ. ರೂಢಿಯಾದವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

ಊಲಾಂಗ್ ಎಲೆಯನ್ನು ಒಂದೇ ಕಪ್ಪಿಗೆ ಚೆಲ್ಲಿದ್ದು ಓದಿ ಹೊಟ್ಟೆ ಉರಿಯಿತು. ತೈವಾನಿನಲ್ಲಿ 1,000 ಮೀಟರಿಗಿಂತ ಮೇಲೆ ಬೆಳೆದದ್ದಕ್ಕೆ ಎತ್ತರದ ಬೆಟ್ಟದ ಊಲಾಂಗ್ ಅನ್ನುತ್ತಾರೆ. ಅಲೀಶಾನ್, ಲೀಶಾನ್ ಅಂಥ ಜಾಗಗಳು. ಮಂಜು, ಚಳಿ, ಎಲೆ ನಿಧಾನ ಬೆಳೆಯುತ್ತದೆ, ದಪ್ಪಗಾಗುತ್ತದೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ಮತ್ತೆ ಮತ್ತೆ ಹೊಸೆದು ಉಂಡೆ ಮಾಡುತ್ತಾರೆ. ನಿಮ್ಮ ಡಬ್ಬಿಯ ಒಂದೊಂದು ಉಂಡೆಯೂ ದೇಟಿನ ಸಮೇತ ಇರುವ ಇಡೀ ಎಲೆಗಳು. ಮೊದಲ ಸುತ್ತಿನಲ್ಲಿ ಅದು ಬಿಚ್ಚಿಕೊಳ್ಳುತ್ತದೆ, ಅಷ್ಟೆ. ಅಸಲು ರುಚಿ ಎರಡನೆಯದರಲ್ಲಿ, ಮೂರನೆಯದರಲ್ಲಿ. ಚಿಕ್ಕ ಪಾತ್ರೆ ಇದ್ದರೆ 100-120 ಮಿಲಿಗೆ 6 ಗ್ರಾಂ ಹಾಕಿ. 95 ಡಿಗ್ರಿ ನೀರು. ಮೊದಲು ಸುಮಾರು 50 ಸೆಕೆಂಡ್, ಎರಡನೇ ಸಲ 35, ಆಮೇಲೆ ಪ್ರತಿ ಸುತ್ತಿಗೂ ಹತ್ತು ಹದಿನೈದು ಸೆಕೆಂಡ್ ಸೇರಿಸುತ್ತಾ ಹೋಗಿ. ಐದಾರು ಸುತ್ತು ಧಾರಾಳ. ಇಷ್ಟೆಲ್ಲ ಬೇಡ ಅನ್ನಿಸಿದರೆ 200 ಮಿಲಿಗೆ 3 ಗ್ರಾಂ, ಮೂರು ನಿಮಿಷ, ಅದೇ ಎಲೆಗೆ ಇನ್ನೂ ಎರಡು ಸಲ ನೀರು. ಎಲೆ ಅರಳಲು ಜಾಗ ಮಾತ್ರ ಬೇಕೇ ಬೇಕು. ಚೈನಿಗೆ ನೇತಾಡುವ ಗುಂಡು ಜಾಲರಿಯಲ್ಲಿ ಊಲಾಂಗ್ ಹಾಕಿದರೆ ಅದು ಅಲ್ಲೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪಾತ್ರೆಗೆ ನೇರ ಹಾಕಿ ಆಮೇಲೆ ಸೋಸಿ.

ಚೀನಾದ ಊಲಾಂಗ್‌ಗಳಲ್ಲಿ ಫುಜಿಯಾನ್ ಪ್ರಾಂತ್ಯದ ಅನ್‌ಶಿಯ ತಿಯೆಗುವಾನ್‌ಯಿನ್ ಕೂಡ ಉಂಡೆಯೇ. ಈಗ ಹೆಚ್ಚಾಗಿ ಬರುವುದು ಹಸಿರು ಬಗೆ, ಆರ್ಕಿಡ್ ಹೂವಿನ ಘಮ. ಅದೇ ಪ್ರಾಂತ್ಯದ ವೂಯಿ ಬೆಟ್ಟದ್ದು ಇದಕ್ಕೆ ತದ್ವಿರುದ್ಧ. ಉದ್ದಕ್ಕೆ ತಿರುಚಿದ ಕಪ್ಪು ಎಲೆ, ಇದ್ದಲಿನ ಬಿಸಿಯಲ್ಲಿ ನಿಧಾನ ಕಾಯಿಸಿದ್ದು, ಬಾಯಲ್ಲಿ ಕಲ್ಲಿನ ಮೇಲೆ ಮಳೆ ಬಿದ್ದಾಗಿನ ವಾಸನೆ. ಬೆಂಕಿ ಕಂಡ ಎಲೆ ಕುದಿನೀರಿಗೆ ಹೆದರುವುದಿಲ್ಲ, ಧೈರ್ಯವಾಗಿ ಹಾಕಿ. ಇದೇ ವೂಯಿಯ ತೋಂಗ್‌ಮು ಹಳ್ಳಿಯ ಲಾಪ್ಸಾಂಗ್ ಸೂಚಾಂಗ್ ಕಪ್ಪು ಚಹಾಕ್ಕೆ ಪೈನ್ ಮರದ ಹೊಗೆ ಹಿಡಿಸುತ್ತಾರೆ. ಕೆಲವರಿಗೆ ಪ್ರಾಣ, ಕೆಲವರಿಗೆ ತಲೆನೋವು. ಅನ್‌ಹುಯಿಯ ಕೀಮನ್‌ನಲ್ಲಿ ಕೋಕೋ, ಒಣಹಣ್ಣಿನ ಘಮ. ಯುನ್ನಾನ್‌ನ ಕಪ್ಪು ಚಹಾದಲ್ಲಿ ಚಿನ್ನದ ಬಣ್ಣದ ಕುಡಿಗಳು, ಜೇನಿನ ಸಿಹಿ, ಒಗರು ಇಲ್ಲವೇ ಇಲ್ಲ ಅನ್ನಬಹುದು. ಎರಡಕ್ಕೂ 90-95 ಡಿಗ್ರಿ, ಮೂರು ನಿಮಿಷ. ಕಪ್ಪು ಚಹಾವನ್ನು ಹಾಲಿಲ್ಲದೆ ಕುಡಿಯಲು ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಕೈಗೆ ಕೊಡುವುದು ಯುನ್ನಾನ್‌ನದನ್ನೇ. ಅಲ್ಲಿಯದೇ ಆದ ಪೂಅರ್ ಎಂಬ ಮಾಗಿಸುವ ಚಹಾ ಬೇರೆ ಲೋಕ. 1973ರಲ್ಲಿ ಕುನ್‌ಮಿಂಗ್‌ನಲ್ಲಿ ಎಲೆಯನ್ನು ಒದ್ದೆ ರಾಶಿ ಹಾಕಿ ಬೇಗ ಮಾಗಿಸುವ ಕ್ರಮ ಬಂತು. ಆ ಮಾಗಿದ ಬಗೆಗೆ ಒದ್ದೆ ಮಣ್ಣಿನ, ಹಳೆ ಮರದ ಘಮ. ಮೊದಲು ಹತ್ತು ಸೆಕೆಂಡ್ ಕುದಿನೀರಲ್ಲಿ ತೊಳೆದು ಚೆಲ್ಲಿ, ಆಮೇಲೆ ಕುದಿನೀರಲ್ಲೇ ಮಾಡಿ.

ಬಿಳಿ ಚಹಾ ಯಾಕೆ ಬಿಸಿನೀರಿನಂತಾಯಿತು? ಚಮಚದ ಮೋಸ. ಸಿಲ್ವರ್ ನೀಡಲ್ ಅಂದರೆ ಬರೀ ಮೊಗ್ಗು, ಹಗುರ. ಒಂದು ಟೀ ಚಮಚಕ್ಕೆ ಒಂದು ಗ್ರಾಂ ಆಸುಪಾಸು ಬರುತ್ತದೆ. ಅದೇ ಚಮಚದಲ್ಲಿ ಉಂಡೆ ಊಲಾಂಗ್ 3 ಗ್ರಾಂ ದಾಟಬಹುದು. ಎಲೆ ಚಹಾ ಕುಡಿಯುವವರು ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ, ಚಂದದ ಟೀ ಪಾಟ್‌ಗಿಂತ ಅದು ಮುಖ್ಯ. ಇನ್ನೊಂದು ಕಾರಣವೂ ಇದೆ. ಈ ಮೊಗ್ಗನ್ನು ಹೊಸೆದಿಲ್ಲ, ಒಳಗಿನ ಕೋಶಗಳು ಒಡೆದಿಲ್ಲ, ಮೇಲೆ ಬಿಳಿ ರೋಮ ಬೇರೆ. ನೀರು ಒಳಗೆ ಹೋಗುವುದೇ ನಿಧಾನ. ಎಷ್ಟೋ ಡಬ್ಬಿಗಳ ಮೇಲೆ 70-75 ಡಿಗ್ರಿ ಅಂತ ಬರೆದಿರುತ್ತಾರೆ. ನಾನು ಒಪ್ಪುವುದಿಲ್ಲ. 200 ಮಿಲಿಗೆ 3 ಗ್ರಾಂ, 85-90 ಡಿಗ್ರಿ, ಐದು ನಿಮಿಷ ಕೊಟ್ಟು ನೋಡಿ. ಕಲ್ಲಂಗಡಿ, ಒಣಹುಲ್ಲು, ತೆಳು ಜೇನು. ಆಗಲೂ ಮೆಲುದನಿಯ ಚಹಾವೇ, ಆದರೆ ಬಿಸಿನೀರಲ್ಲ.

ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕಪ್ಪಿನ ಮೇಲೆ ಕೆನೆಯಂಥ ಕಂದು ಪದರ ಕಟ್ಟಿದರೆ ನೀರು ಗಡಸು ಎಂದರ್ಥ. ಕ್ಯಾಲ್ಸಿಯಂ ಜಾಸ್ತಿ. ಘಮ ಅಡಗುತ್ತದೆ, ಬಣ್ಣ ಮಂಕಾಗುತ್ತದೆ. ಹಾಗಂತ ಲವಣವೆಲ್ಲ ತೆಗೆದ ಆರ್‌ಒ ನೀರೂ ಅಷ್ಟು ಸರಿಹೋಗುವುದಿಲ್ಲ, ರುಚಿಗೆ ಮೈ ಇರುವುದಿಲ್ಲ. ಲೀಟರಿಗೆ 50ರಿಂದ 150 ಮಿಲಿಗ್ರಾಂ ಕರಗಿದ ಲವಣ ಇರುವ ನೀರು ಒಳ್ಳೆಯದು. ಎರಡನೇ ಸಲ ಕುದಿಸಿದ ನೀರು ಚಹಾ ಕೆಡಿಸುತ್ತದೆ ಅನ್ನುವ ಮಾತಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಅರ್ಧ ನಿಮಿಷ ತೊಳೆದು ಚೆಲ್ಲಿದರೆ ಕೆಫೀನ್ ಹೋಗುತ್ತದೆ ಅನ್ನುವುದೂ ಹಾಗೇ. ಅಷ್ಟರಲ್ಲಿ ಹೋಗುವ ಕೆಫೀನ್ ಸ್ವಲ್ಪವೇ, ಹೋಗುವ ಘಮ ಜಾಸ್ತಿ. ಅಂದಹಾಗೆ ಡಬ್ಬಿಯ ಮೇಲಿನ ಎಫ್‌ಟಿಜಿಎಫ್‌ಒಪಿ ಅಂಥ ಉದ್ದದ ಅಕ್ಷರಮಾಲೆ ಹೇಳುವುದು ಎಲೆಯ ಗಾತ್ರ, ಕುಡಿಗಳ ಪ್ರಮಾಣ ಇಷ್ಟನ್ನೇ. ರುಚಿಗೆ ಅದು ಗ್ಯಾರಂಟಿ ಅಲ್ಲ.

ಮರುಬಳಕೆಯ ವಿಷಯ ಆಗಲೇ ಬಂತು. ಊಲಾಂಗ್, ಬಿಳಿ, ಪೂಅರ್ ಹಲವು ಸುತ್ತು ಬರುತ್ತವೆ. ಸೆಂಚಾ ಎರಡು ಮೂರು. ಫಸ್ಟ್ ಫ್ಲಶ್ ಎರಡನೆಯದಕ್ಕೆ ಸಾಧಾರಣ. ಅಸ್ಸಾಂ ಒಂದೇ. ಆದರೆ ಒದ್ದೆ ಎಲೆಯನ್ನು ರಾತ್ರಿ ಇಟ್ಟು ಬೆಳಿಗ್ಗೆ ಬಳಸಬೇಡಿ, ಅದೇ ದಿನ ಮುಗಿಸಿ.

ಇಡುವುದಾದರೆ ಬೆಳಕು, ಗಾಳಿ, ತೇವ, ಬಿಸಿ, ಬೇರೆ ವಾಸನೆ ಇವು ತಾಗಬಾರದು. ಗಾಜಿನ ಭರಣಿ ನೋಡಲು ಚೆಂದ, ಚಹಾಕ್ಕೆ ಕೆಟ್ಟದ್ದು. ನಿಮ್ಮ ಐದರಲ್ಲಿ ಮೊದಲು ಮುಗಿಸಬೇಕಾದ್ದು ಸೆಂಚಾ. ತೆರೆದ ಮೇಲೆ ಒಂದೆರಡು ತಿಂಗಳಲ್ಲಿ ಅದರ ಹಸಿರು ಘಮ ಇಳಿಯುತ್ತದೆ. ಬಿಸಿಯಾಗಿ ಮತ್ತೆ ಪ್ರಯತ್ನಿಸಲು ಮನಸ್ಸಿಲ್ಲದಿದ್ದರೆ ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಹಾಕಿ ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಇಟ್ಟು ಸೋಸಿ. ಕಹಿ ಬಹಳ ಕಡಿಮೆ, ಸಿಹಿ ಚೆನ್ನಾಗಿ ಬರುತ್ತದೆ. ಆಮೇಲೆ ಫಸ್ಟ್ ಫ್ಲಶ್, ಆರು ತಿಂಗಳೊಳಗೆ ಕುಡಿದರೆ ಹೂವು ಸಿಗುತ್ತದೆ. ಊಲಾಂಗ್ ಹಸಿರು ಬಗೆಯಾದರೆ ಅದನ್ನೂ ತಡ ಮಾಡಬೇಡಿ. ಅಸ್ಸಾಂ ಗಾಳಿ ಆಡದ ಡಬ್ಬಿಯಲ್ಲಿ ವರ್ಷ ದಾಟಿದರೂ ಪರವಾಗಿಲ್ಲ. ಬಿಳಿ ಚಹಾವನ್ನು ಕೊನೆಗಿಡಿ. ಒಣಗಿದ ಜಾಗದಲ್ಲಿದ್ದರೆ ಅದು ಕೆಡುವ ಬದಲು ಮಾಗುತ್ತದೆ. ಎರಡು ಮೂರು ವರ್ಷ ಕಳೆದರೆ ಬಣ್ಣ ಗಾಢವಾಗಿ, ಜೇನು, ಒಣಹಣ್ಣಿನ ಘಮ ಬರುತ್ತದೆ. ಆಗ ಪೂರ್ತಿ ಕುದಿಯುವ ನೀರನ್ನೇ ಹಾಕಬಹುದು.